ಅಪ್ಪಯ್ಯನ ಎಲೆಯ ಮುಂದೆ ಕುಳಿತವರಿಗೆ

ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಕಳೆದ ವಾರ ಅಪ್ಪಯ್ಯನ ಸಹಸ್ರಚಂದ್ರ ದರ್ಶನ ಶಾಂತಿ ನೆರವೇರಿತು. ಬಂದು ಊಟ ಮಾಡಿ ಹೋದವರಿಗೆಲ್ಲ ಅಂದೇ ಕೈಮುಗಿದಿದ್ದೇವೆ. ಆದರೆ ಆಲ್ಜೈಮರ್ ಎಂಬ ಮರೆವಿನ ಕಾಯಿಲೆಯಿಂದಾಗಿ ಎದುರಿಗಿಟ್ಟ ಅನ್ನವನ್ನೇ ಗುರುತಿಸಲಾಗದೆ, ಹೋದ ಮಳೆಗಾಲದಲ್ಲಿ ಸೊರಗಿ ಹಾಸಿಗೆ ಹಿಡಿದಿದ್ದ ಅವರು ಆ ದಿನ ಪಂಕ್ತಿಯಲ್ಲಿ ಕುಳಿತು ತಮ್ಮ ಕೈಯಿಂದಲೇ ಉಂಡದ್ದರ ಹಿಂದೆ ಹಲವರ ತಿಳಿವಳಿಕೆಯೂ ತಾಳ್ಮೆಯೂ ಇದೆ. ಅವರ ಹೆಸರು ಬರೆಯುವುದು ಅವರಿಗೇ ಇಷ್ಟವಿಲ್ಲ. ಮಾಡಿದ ಉಪಕಾರವನ್ನಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲ ನಮಸ್ಕಾರ ಶಿವಮೊಗ್ಗದ ನರರೋಗ ತಜ್ಞರಿಗೆ. ಟಾನಿಕ್ ಬರೆದುಕೊಟ್ಟು ಕಳುಹಿಸುವ ಬದಲು ಅವರು, ಅಪ್ಪಯ್ಯ ಊಟ ಬಿಡಲು ಕಾರಣವೇನೆಂದು ಹುಡುಕಿದರು. ನೆನಪಿನ ಶಕ್ತಿಗೆಂದು ಕೊಡುವ ಡೊನೆಪೆಜಿಲ್ ಮಾತ್ರೆಯಿಂದ ಕೆಲವರಿಗೆ ಹೊಟ್ಟೆ ತೊಳಸಿ ಹಸಿವೇ ಇಲ್ಲದಂತಾಗುತ್ತದೆ ಎಂದು ವಿವರಿಸಿ ಅದರ ಪ್ರಮಾಣ ಇಳಿಸಿದರು. ಮೈ ಇಳಿದಂತೆ ಹಲ್ಲಿನ ಸೆಟ್ಟು ಸಡಿಲವಾಗಿ ವಸಡು ಹುಣ್ಣಾಗಿದ್ದುದನ್ನು ಕಂಡು ದಂತವೈದ್ಯರ ಬಳಿಗೆ ಕಳುಹಿಸಿದರು. ನೋವೆಂದು ಹೇಳಲು ಮಾತು ಸಿಗದವರು ಬಾಯಿ ಬಿಗಿದುಕೊಳ್ಳುತ್ತಾರೆ, ನೋಡುವವರಿಗೆ ಅದು ಹಟವಾಗಿ ಕಾಣುತ್ತದೆ. ಮೂಗಿಗೆ ನಳಿಗೆ ಹಾಕಿಸಿಬಿಡಿ ಎಂದು ಬಂಧುಗಳು ಒತ್ತಾಯಿಸಿದಾಗ, ಈ ಕಾಯಿಲೆ ಬಲಿತವರಲ್ಲಿ ನಳಿಗೆಯ ಆಹಾರದಿಂದ ಆಯುಷ್ಯ ಹೆಚ್ಚುವುದಾಗಲಿ ನ್ಯುಮೋನಿಯಾ ತಪ್ಪುವುದಾಗಲಿ ಕಂಡುಬಂದಿಲ್ಲವೆಂದೂ, ಅಮೆರಿಕದ ವೃದ್ಧರೋಗ ತಜ್ಞರ ಸಂಘವು 2014ರಲ್ಲೇ ಇಂಥವರಿಗೆ ನಿಧಾನವಾಗಿ ಕೈಯಿಂದ ಉಣಿಸಬೇಕೆಂದು ಹೇಳಿದೆಯೆಂದೂ ತಿಳಿಸಿ, ಬಂಧುಗಳಿಗೆ ಉತ್ತರ ಕೊಡುವ ಹೊಣೆಯನ್ನೂ ತಾವೇ ಹೊತ್ತುಕೊಂಡರು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದ ಸ್ಪೀಚ್ ಥೆರಪಿಸ್ಟ್ ಒಬ್ಬರು ನಮಗೆ ನುಂಗುವಿಕೆಯ ಪಾಠ ಹೇಳಿದರು. ಮಾತು ಕಲಿಸುವವರಿಗೂ ಊಟಕ್ಕೂ ಏನು ಸಂಬಂಧ ಎಂದು ಊರಿನಲ್ಲಿ ಕೇಳಿದವರಿದ್ದಾರೆ. ಬಾಯಿ, ನಾಲಗೆ, ಗಂಟಲಿನ ಚಲನೆಯೆಲ್ಲ ಅವರ ವಿದ್ಯೆಗೇ ಸೇರಿದ್ದು. ಅನ್ನಕ್ಕಿಂತ ನೀರಿನಂಥ ಪದಾರ್ಥವೇ ಬೇಗ ಹರಿದು ಶ್ವಾಸನಾಳಕ್ಕೆ ಇಳಿಯುತ್ತದೆ ಎಂದು ಅವರು ಹೇಳಿದಾಗ, ತಂಬುಳಿ, ಅಪ್ಪೆಹುಳಿ, ಮಜ್ಜಿಗೆಯಲ್ಲೇ ಊಟ ಮುಗಿಸುವ ನಮ್ಮ ಮನೆಯವರಿಗೆ ದಿಕ್ಕು ತೋಚಲಿಲ್ಲ. ಆದರೆ ಅವರು ಯಾವುದನ್ನೂ ಬಿಡಿಸಲಿಲ್ಲ. ಒಂದೆಲಗದ ತಂಬುಳಿಗೆ ಕಾಯಿ ಹೆಚ್ಚು ಹಾಕಿ ನುಣ್ಣಗೆ ರುಬ್ಬಿಸಿ, ಮೆತ್ತಗೆ ಬೆಂದ ಅನ್ನಕ್ಕೆ ಕಲಸಿಸಿದರು. ಬೆನ್ನು ನೇರವಾಗಿ ಕೂರಿಸುವುದು, ಗಲ್ಲವನ್ನು ತುಸು ತಗ್ಗಿಸುವುದು, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು ಕೊಡುವುದು, ಉಂಡ ಮೇಲೆ ಅರ್ಧ ಗಂಟೆ ಮಲಗಿಸದಿರುವುದು, ಕೆನ್ನೆಯ ಸಂದಿಯಲ್ಲಿ ಅನ್ನ ಉಳಿದಿದೆಯೇ ಎಂದು ನೋಡುವುದು ಇವೆಲ್ಲವನ್ನೂ ಮನೆಯ ಪ್ರತಿಯೊಬ್ಬರಿಂದ ಮಾಡಿಸಿ ನೋಡಿದರು.

ಎಲೆಯ ವಿಚಾರ ಹೊಳೆದದ್ದು ಪಕ್ಕದ ಮನೆಯ ಅತ್ತೆಗೆ. ಅಪ್ಪಯ್ಯ ಸ್ಟೀಲ್ ತಟ್ಟೆಯ ಮೊಸರನ್ನವನ್ನು ಮುಟ್ಟುತ್ತಿರಲಿಲ್ಲ. ಅತ್ತೆ ಅದನ್ನೇ ಬಾಳೆಲೆಯ ಮೇಲೆ ಬಡಿಸಿದರು, ಕೈ ತಾನಾಗಿ ಮುಂದೆ ಬಂತು. ಹಸಿರಿನ ಮೇಲೆ ಬಿಳಿ ಅನ್ನ ಎದ್ದು ಕಂಡಿರಬೇಕು. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬಲಿತ ಆಲ್ಜೈಮರ್ ಇದ್ದ ಕೆಲವರಿಗೆ ಬಿಳಿಯ ಬದಲು ಗಾಢ ಕೆಂಪು ತಟ್ಟೆಯಲ್ಲಿ ಬಡಿಸಿ, ಅವರು ಕಾಲು ಭಾಗದಷ್ಟು ಹೆಚ್ಚು ಉಂಡರೆಂದು 2004ರಲ್ಲಿ ಪ್ರಕಟಿಸಿದ್ದನ್ನು ನಾನು ಓದಿದ್ದು ಆಮೇಲೆ. ಎಲೆಯ ತುಂಬ ಬಗೆಬಗೆ ಬಡಿಸಿದರೆ ಅಪ್ಪಯ್ಯನಿಗೆ ಗೊಂದಲವಾಗುತ್ತದೆಂದು ಒಂದಾದ ಮೇಲೊಂದು ಬಡಿಸಬೇಕೆಂಬುದನ್ನೂ, ಕವಳದ (ಎಲೆ ಅಡಿಕೆಯ) ಹರಿವಾಣ ಕಣ್ಣಿಗೆ ಬಿದ್ದರೆ ಊಟ ಮುಗಿಯಿತೆಂದು ಎದ್ದುಬಿಡುತ್ತಾರೆ, ಅದನ್ನು ಒಳಗಿಡಿ ಎಂಬುದನ್ನೂ ಕಂಡುಹಿಡಿದವರು ಅತ್ತೆಯೇ. ಇದು ಯಾವ ವೈದ್ಯರಿಗೂ ಗೊತ್ತಾಗುವ ಸಂಗತಿಯಲ್ಲ.

ಅಪ್ಪಯ್ಯನ ಬಾಲ್ಯದ ಗೆಳೆಯರ ಋಣ ಬೇರೆಯೇ ತೂಕದ್ದು. ಊಟಕ್ಕೆ ಕರೆದರೆ ಅಪ್ಪಯ್ಯ ಆಗಲೇ ಆಯಿತು ಎನ್ನುತ್ತಾರೆ. ಗೆಳೆಯರು ವಾದಕ್ಕೆ ಇಳಿಯುವುದಿಲ್ಲ. ತಮಗೆ ಒಬ್ಬರೇ ಉಂಡು ಅಭ್ಯಾಸವಿಲ್ಲ, ಸುಮ್ಮನೆ ಜೊತೆಗೆ ಕೂರು ಎಂದು ಕರೆದು ಎದುರಿಗೆ ಕುಳಿತು ಉಣ್ಣತೊಡಗುತ್ತಾರೆ, ಅವರು ಕಲಸಿದರೆ ಅಪ್ಪಯ್ಯ ಕಲಸುತ್ತಾರೆ, ಅವರು ತುತ್ತೆತ್ತಿದರೆ ಅಪ್ಪಯ್ಯನೂ ಎತ್ತುತ್ತಾರೆ. ಇದಕ್ಕಾಗಿ ಆ ಹಿರಿಯರು ತಮ್ಮ ಮನೆಯ ಮಧ್ಯಾಹ್ನದ ಊಟವನ್ನೇ ಬಿಟ್ಟು ಗದ್ದೆಬದುವಿನ ಮೇಲೆ ನಡೆದು ಬರುತ್ತಾರೆ. ಕೈ ನಡುಗುವ ದಿನ ಆರೈಕೆಗೆ ಬರುವ ತಂಗಿ ತನ್ನ ಕೈಯನ್ನು ಅವರ ಕೈಯಡಿಗೆ ಕೊಟ್ಟು ಬಾಯವರೆಗೆ ಒಯ್ಯುತ್ತಾಳೆ. ಉಣ್ಣುತ್ತಿರುವುದು ತಾನೇ ಎಂಬ ಭಾವ ಅಪ್ಪಯ್ಯನಿಗೆ ಉಳಿಯುತ್ತದೆ.

ಅಮ್ಮನ ಬಗ್ಗೆ ಬರೆದರೆ ಅವಳು ಗದರುತ್ತಾಳೆ, ಆದರೂ ಒಂದು ಮಾತು. ಇಷ್ಟು ವರ್ಷ ತನ್ನ ಕೈಯಡುಗೆಯನ್ನು ಮೆಚ್ಚಿ ಉಂಡವರು ರುಚಿಯಿಲ್ಲವೆಂದು ಎಲೆ ಸರಿಸಿದಾಗ ಅವಳು ನೊಂದುಕೊಳ್ಳದೆ, ಕಾಯಿಲೆಯಲ್ಲಿ ನಾಲಗೆ ಸಿಹಿಯ ಕಡೆಗೆ ವಾಲುವುದುಂಟೆಂದು ವೈದ್ಯರಿಂದ ಕೇಳಿ ತಿಳಿದು, ಸಕ್ಕರೆ ಕಾಯಿಲೆ ಇಲ್ಲದಿರುವುದನ್ನು ಖಚಿತಪಡಿಸಿಕೊಂಡು, ಪಲ್ಯಕ್ಕೆ ಚೂರು ಬೆಲ್ಲ, ಅನ್ನಕ್ಕೆ ಒಂದು ಮಿಳ್ಳೆ ತುಪ್ಪ ಸೇರಿಸಿದಳು. ಶಾಂತಿಯ ದಿನ ಅಡುಗೆ ಭಟ್ಟರು ಖಾರ ಹಾಕುವ ಮೊದಲೇ ಅಪ್ಪಯ್ಯನ ಪಾಲನ್ನು ಬೇರೆ ತೆಗೆದಿಟ್ಟು, ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಕೊಟ್ಟರು. ಅವರಿಗೂ ನಮಸ್ಕಾರ.

ನುಂಗುವಿಕೆಯ ಬಗ್ಗೆ ಬರೆಸಿಕೊಂಡ ಸೂಚನೆಗಳ ಪ್ರತಿಗಳು ಮನೆಯಲ್ಲಿವೆ, ಕೈಯಿರುವ ನೆಟ್ಟಗಿನ ಕುರ್ಚಿಯೊಂದು ಹೆಚ್ಚುವರಿಯಾಗಿ ಇದೆ. ಸುತ್ತಿನ ಊರಿನಲ್ಲಿ ಅಗತ್ಯವಿದ್ದವರು ಬಂದು ಒಯ್ಯಬಹುದು. ಮಧ್ಯಾಹ್ನ ಬಂದರೆ ಊಟಕ್ಕೂ ಕೂರಬಹುದು, ಅಪ್ಪಯ್ಯನಿಗೆ ಜೊತೆಯಾಗುತ್ತದೆ.