ಕೆರೆಯಿಂದ ಕೆರೆಗೆ ಒಂದು ದಾರಿ ಕೊಡಿ: ಮೈಸೂರು ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಬೆಳಿಗ್ಗೆ ಆರು ಗಂಟೆಗೆ ಕುಕ್ಕರಹಳ್ಳಿ ಕೆರೆಯ ಗೇಟಿನ ಮುಂದೆ ಒಮ್ಮೆ ನಿಂತು ನೋಡಿ. ಸಾಲಾಗಿ ಸ್ಕೂಟರ್, ಕಾರುಗಳು. ಬಹುಪಾಲು ವಾಕಿಂಗಿಗೆ ಬಂದವರವು. ನಮ್ಮದೂ ಅಲ್ಲೇ ಇರುತ್ತದೆ. ಮನೆಯಿಂದ ಕೆರೆಗೆ ಎರಡು ಕಿಲೋಮೀಟರ್ ಕೂಡ ಇಲ್ಲ. ಆದರೆ ಕಿತ್ತುಹೋದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ಫುಟ್‌ಪಾತ್ ಮೇಲೇ ನಿಲ್ಲಿಸಿದ ವಾಹನ, ಇವನ್ನೆಲ್ಲ ಸುತ್ತಿ ಹೋಗಲು ಹತ್ತು ಸಲ ರಸ್ತೆಗೆ ಇಳಿಯಬೇಕು. ಹಾಗೆ ಇಳಿದಾಗಲೇ ಹೋದ ವರ್ಷ ನನ್ನ ಹೆಂಡತಿಗೆ ಬೈಕ್ ತಗುಲಿತು. ಅಂದಿನಿಂದ ನಡೆಯುವುದಕ್ಕಾಗಿ ಸ್ಕೂಟರ್ ಹತ್ತುತ್ತಿದ್ದೇವೆ.

ನಡೆದಾಡುವ ಜಾಗಗಳಿಗೆ ಈ ಊರಿನಲ್ಲಿ ಬರವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1828ರಲ್ಲಿ ಲಿಂಗಾಂಬುಧಿ ಕೆರೆ, 1864ರಲ್ಲಿ ಕುಕ್ಕರಹಳ್ಳಿ ಕೆರೆ ಕಟ್ಟಿದರು. ಮೃಗಾಲಯದ ಮಗ್ಗುಲಲ್ಲಿ ಕಾರಂಜಿ ಕೆರೆ, ಅದರಾಚೆ ಚಾಮುಂಡಿ ಬೆಟ್ಟ. ಕುಕ್ಕರಹಳ್ಳಿ ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ, ಲಿಂಗಾಂಬುಧಿ ಅರಣ್ಯ ಇಲಾಖೆಯದು, ಕಾರಂಜಿ ಮೃಗಾಲಯದ್ದು. ಒಂದೊಂದಕ್ಕೂ ಅದರದೇ ಗೇಟು, ಅದರದೇ ವೇಳೆ. ಗೇಟಿನ ಒಳಗಿನದಕ್ಕೆ ಯಜಮಾನರಿದ್ದಾರೆ. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಹೋಗುವ ದಾರಿಗೆ ಯಾರೂ ಇಲ್ಲ. ಆ ಹೊಣೆಯನ್ನು ಪಾಲಿಕೆ ಹೊರಬೇಕೆಂದು ಕೇಳುವುದಕ್ಕೇ ಈ ಪತ್ರ.

2017ರ ಜೂನ್‌ನಲ್ಲಿ ಊರಿಗೆ ಬಾಡಿಗೆ ಸೈಕಲ್ ಯೋಜನೆ 'ಟ್ರಿಣ್ ಟ್ರಿಣ್' ಬಂದಾಗ ನಾನೂ ಕಾರ್ಡ್ ಮಾಡಿಸಿದ್ದೆ. 450 ಸೈಕಲ್, 48 ನಿಲ್ದಾಣ. ಎಷ್ಟು ಹೆಮ್ಮೆಪಟ್ಟಿದ್ದೆವು! ಸೈಕಲ್ ಕೊಟ್ಟೆವು, ಅದು ಅಳುಕಿಲ್ಲದೆ ಓಡುವ ದಾರಿಯನ್ನು ಕೊಡಲಿಲ್ಲ. ಬಸ್ಸು, ಲಾರಿಗಳ ನಡುವೆ ಸೈಕಲ್ ಓಡಿಸಲು ಯಾವ ತಾಯಿ ಮಗಳನ್ನು ಕಳಿಸುತ್ತಾಳೆ?

ದಾರಿಗೆ ಬೇಕಾದ ಜಾಗದ ದೊಡ್ಡ ಪಾಲು ಊರಿನಲ್ಲೇ ಇದೆ. ಕಾವೇರಿ ನೀರನ್ನು ಮೈಸೂರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ತೋಡಿಸಿದ ನಾಲೆ ಹಿನಕಲ್ ಕಡೆಯಿಂದ ಕುಕ್ಕರಹಳ್ಳಿಗೆ ಬರುತ್ತದೆ. ಇಂದು ಅದರಲ್ಲಿ ಹೂಳು, ಕೊಳಚೆ, ಕೆಲವೆಡೆ ಒತ್ತುವರಿ. ಅಳತೆ ಮಾಡಿಸಿ, ಒತ್ತುವರಿ ಬಿಡಿಸಿ, ದಂಡೆಯ ಮೇಲೆ ಹೊಂಗೆ, ಬೇವು ನೆಟ್ಟರೆ ಅದೇ ಹಸಿರು ದಾರಿ. ದಂಡೆಯ ಮೇಲೆ ಜನ ಓಡಾಡತೊಡಗಿದರೆ ಕಸ ಸುರಿಯುವವರೂ ಹಿಂಜರಿಯುತ್ತಾರೆ. ಹಳೆಯ ಬಡಾವಣೆಗಳ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಪ್ಲೇಗ್ ಕಂಡ ಊರು ನೈರ್ಮಲ್ಯಕ್ಕೆಂದು ಬಿಟ್ಟುಕೊಂಡ ಆ ಗಲ್ಲಿಗಳಲ್ಲಿ ಈಗ ಕಸದ ರಾಶಿಯಿದೆ. ಸೈಕಲ್ಲಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು?

ಸಿಂಗಪುರ 1990ರ ದಶಕದಿಂದ ಹೀಗೆಯೇ ಕಾಲುವೆಗಳ ದಂಡೆ ಹಿಡಿದು ಉದ್ಯಾನಗಳನ್ನು ಜೋಡಿಸುತ್ತ ಬಂದು 300 ಕಿಲೋಮೀಟರ್ ದಾಟಿದೆ. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಹುಬ್ಬಳ್ಳಿಯೇ ಉಣಕಲ್ ನಾಲೆಯ ದಂಡೆಯಲ್ಲಿ ನಡಿಗೆ ಮತ್ತು ಸೈಕಲ್ ಪಥ ಕೈಗೆತ್ತಿಕೊಂಡಿತು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ದಯವಿಟ್ಟು ಇದನ್ನು 'ಸೌಂದರ್ಯೀಕರಣ' ಮಾಡಬೇಡಿ. ನಾಲೆಯ ತಳಕ್ಕೆ ಕಾಂಕ್ರೀಟ್ ಬೇಡ. ಕೆರೆ ಏರಿಯ ಮೇಲೆ ದೀಪದ ಕಂಬಗಳೂ ಬೇಡ, ಸೈಕಲ್ಲೂ ಬೇಡ. ಅಲ್ಲಿ ಹೆಜ್ಜಾರ್ಲೆ, ಹಾವಕ್ಕಿಯಂಥ ನೀರುಹಕ್ಕಿಗಳಿವೆ, ಅವಕ್ಕೆ ತೊಂದರೆಯಾಗಬಾರದು. ಸೈಕಲ್ ಗೇಟಿನವರೆಗೆ ಬರಲಿ, ಅಲ್ಲೇ ನೆರಳಿನಲ್ಲಿ ನಿಲ್ಲಲಿ.

ಮೊದಲು ಕುಕ್ಕರಹಳ್ಳಿಯಿಂದ ಲಿಂಗಾಂಬುಧಿಯವರೆಗೆ ಒಂದೇ ದಾರಿಯನ್ನು ಪೂರ್ತಿ ಮಾಡಿ. ಸೈಕಲ್ ಮೇಲೆ ಅರ್ಧ ಗಂಟೆಯೂ ಬೇಡದ ದೂರ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವ 1.8 ಮೀಟರ್ ಅಗಲದ ಅಡೆತಡೆಯಿಲ್ಲದ ಫುಟ್‌ಪಾತ್ ಎಲ್ಲೂ ತುಂಡಾಗದೆ ಸಿಗಲಿ. ದೊಡ್ಡ ರಸ್ತೆ ಅಡ್ಡ ಬಂದಲ್ಲಿ ಮುದುಕರೂ ದಾಟುವಷ್ಟು ಹೊತ್ತು ಸಿಗ್ನಲ್ ನಿಲ್ಲಲಿ. ವಿಶ್ವವಿದ್ಯಾನಿಲಯ, ಅರಣ್ಯ, ಮೃಗಾಲಯ, ರೈಲ್ವೆ, ಸಂಚಾರ ಪೊಲೀಸರನ್ನು ಒಂದು ನಕ್ಷೆಯ ಮುಂದೆ ಕೂರಿಸಿ, ಈ ದಾರಿಗೆ ಉತ್ತರ ಹೇಳುವ ಒಬ್ಬ ಅಧಿಕಾರಿಯನ್ನು ನೇಮಿಸಿ.

ಅದಕ್ಕೂ ಮುಂಚೆ ಒಂದು ಭಾನುವಾರ ನಿಮ್ಮ ಎಂಜಿನಿಯರುಗಳ ಜೊತೆ ಬನ್ನಿ. ಲಿಂಗಾಂಬುಧಿಯವರೆಗೆ ನಡೆದೇ ಹೋಗೋಣ. ನನ್ನ ಹೆಂಡತಿಯೂ ಬರುತ್ತಾಳೆ.

ಇಂತಿ,
ಸರಸ್ವತಿಪುರಂನ ಒಬ್ಬ ನಿವಾಸಿ