ಬಾಲಿಗೆ ಹೊರಟ ಗೆಳೆಯನಿಗೆ: ಜಾಗ ಸಿಗ್ತದೆ, ಜೊತೆ ನೋಡ್ಕೊ

ಏನೋ ಮಾರಾಯ,

ನಿನ್ನ ನಾಲ್ಕು ವಾಯ್ಸ್ ನೋಟ್ ನಿನ್ನೆ ರಾತ್ರಿ ಊಟ ಮಾಡ್ತಾ ಒಟ್ಟಿಗೆ ಕೇಳಿದೆ. ಮೇ ರಜೆಯಲ್ಲಿ ಹೆಂಡತಿ ಮಕ್ಕಳ ಜೊತೆ ಬಾಲಿ, ಒಟ್ಟು ಹತ್ತು ದಿನ, ಅದ್ರಲ್ಲಿ ಮೂರು ದಿನ ಹೇಗಾದ್ರೂ ಮಾಡಿ ಹೊಂಚಿ ಫ್ರೀಡೈವಿಂಗ್ (ಸಿಲಿಂಡರ್ ಇಲ್ಲದೆ ಒಂದೇ ಉಸಿರು ಹಿಡಿದು ಮುಳುಗುದು) ಮಾಡ್ಬೇಕು, ಎಲ್ಲಿ ಹೋಗುದು, ಯಾರ ಒಟ್ಟಿಗೆ ಮುಳುಗುದು ಅಂತ ಕೇಳಿದ್ದಿ. ಇದು ವಾಯ್ಸ್ ನೋಟಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಹಾಗಾಗಿ ಬರೀತಾ ಇದ್ದೇನೆ, ಬೇರೆಯವರೂ ಓದ್ಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ನಿನ್ನ ಹೆಸರು ಹಾಕ್ಲಿಲ್ಲ, ಹೆದರ್ಬೇಡ.

ಜಾಗದ ಚಿಂತೆ ಬಿಡು. ಕುಟಾ, ಸೆಮಿನ್ಯಾಕ್ ಎಲ್ಲ ಸರ್ಫಿಂಗಿಗೆ, ಶಾಪಿಂಗಿಗೆ ಸರಿ, ನಮ್ಮ ಕೆಲಸಕ್ಕಲ್ಲ. ಸೀದಾ ಅಮೆಡ್‌ಗೆ ಹೋಗು, ದ್ವೀಪದ ಈಶಾನ್ಯ ಮೂಲೆ, ಏರ್‌ಪೋರ್ಟಿಂದ ಕಾರಲ್ಲಿ ಮೂರು ಗಂಟೆ ಹಿಡ್ಕೊ, ಟ್ರಾಫಿಕ್ಕಲ್ಲಿ ಸಿಕ್ಕಿದ್ರೆ ಇನ್ನೂ ಜಾಸ್ತಿ. ಅಲ್ಲಿ ಜೆಮೆಲುಕ್ ಅಂತ ಒಂದು ಸಣ್ಣ ಕೊಲ್ಲಿ ಉಂಟು. ನಮ್ಮ ಮಲ್ಪೆಯಲ್ಲಿ ಎಷ್ಟು ದೂರ ನಡೆದ್ರೂ ಸೊಂಟದ ನೀರು ಅಲ್ವಾ, ಇಲ್ಲಿ ಹಾಗಲ್ಲ, ಅಗುಂಗ್ ಅಂತ 3,000 ಮೀಟರ್ ದಾಟಿದ ಜ್ವಾಲಾಮುಖಿ ಹಿಂದೆಯೇ ನಿಂತಿದೆ, ಅದರ ಇಳಿಜಾರು ಸಮುದ್ರದ ಒಳಗೂ ಹಾಗೇ ಇಳ್ಕೊಂಡು ಹೋಗ್ತದೆ, ದಡದಿಂದ ಸ್ವಲ್ಪ ಈಜಿದ್ರೆ ಸಾಕು ಮುಳುಗ್ಲಿಕ್ಕೆ ದಾರಿಯಾಗಿ ನೇರ ಕೆಳಗೆ ಬಿಡುವ ಹಗ್ಗಕ್ಕೆ ಬೇಕಾದ ಆಳ ಸಿಕ್ತದೆ, ಬೋಟಿನ ಖರ್ಚೂ ಇಲ್ಲ. ಮರಳು ಕಪ್ಪು, ಹನ್ನೊಂದು ಗಂಟೆ ಮೇಲೆ ಬರಿಗಾಲಲ್ಲಿ ನಡೆದ್ರೆ ಅಂಗಾಲು ಕಾವಲಿ ಮೇಲಿನ ನೀರ್‌ದೋಸೆ. ಬೆಳಿಗ್ಗೆ ಬೇಗ ಇಳಿ, ಆಗ ನೀರು ಗ್ಲಾಸಿನ ಹಾಗೆ ಇರ್ತದೆ. ಮೇ ತಿಂಗಳು ಅಲ್ಲಿ ಒಣ ಸೀಸನ್, ಅದೂ ಒಳ್ಳೇದೇ ಆಯ್ತು.

ಒಂದು ದಿನ ತುಲಂಬೆನ್‌ಗೆ ಇಡು, ಅಮೆಡಿಂದ ಹತ್ತಿರವೇ. ಅಮೆರಿಕದ ಲಿಬರ್ಟಿ ಅನ್ನುವ ಹಡಗಿಗೆ 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಟಾರ್ಪಿಡೊ ಹೊಡೀತು, ಮುಳುಗುವ ಮೊದ್ಲೇ ಎಳ್ಕೊಂಡು ಬಂದು ಈ ದಡಕ್ಕೆ ಹತ್ತಿಸಿದ್ರು, ಇಪ್ಪತ್ತೊಂದು ವರ್ಷ ಮರಳಲ್ಲೇ ಬಿದ್ದಿತ್ತು, 1963ರಲ್ಲಿ ಅಗುಂಗ್ ಸಿಡಿದಾಗ ನೆಲ ಅಲುಗಿ ಜಾರಿ ನೀರೊಳಗೆ ಹೋಯ್ತು. ಸುಮಾರು 120 ಮೀಟರ್ ಉದ್ದದ ಹಡಗು, ಮೇಲಿನ ಭಾಗ ಐದು ಮೀಟರಲ್ಲೇ ಕಾಣ್ತದೆ, ಕೆಳಗಿನದ್ದು ಮೂವತ್ತರ ಹತ್ತಿರ. ಸೂರ್ಯ ಹುಟ್ಟುವಾಗಲೇ ಹೋಗು, ಎಂಟು ಗಂಟೆ ಆಯ್ತು ಅಂದ್ರೆ ಸಿಲಿಂಡರ್ ಕಟ್ಕೊಂಡು ಇಳಿಯುವ ಸ್ಕೂಬಾದವರ ಜಾತ್ರೆ, ಕೆಳಗಿಂದ ಬರುವ ಗುಳ್ಳೆಯಲ್ಲಿ ಎಂತದೂ ಕಾಣುದಿಲ್ಲ. ಹಡಗಿನ ಒಳಗೆ ನುಗ್ಗುದು ಮಾತ್ರ ಬೇಡ, ಮೇಲಿಂದ ನೋಡು ಸಾಕು. ಮತ್ತೆ ಅದೇ ದಿನ ಸ್ಕೂಬಾ ಮಾಡಿ ಬಂದು ಫ್ರೀಡೈವ್ ಮಾಡ್ಬೇಡ, ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಗೆ ಹೋಗ್ಲಿಕ್ಕೆ ಒಂದು ದಿನ ಬಿಡು. ಗಿಲಿ ಟ್ರವಾಂಗನ್ ದ್ವೀಪವೂ ಫ್ರೀಡೈವಿಂಗಿಗೆ ಹೆಸರಾದದ್ದೇ, ಅಮೆಡಿಂದ ಬೋಟೂ ಉಂಟು, ಆದ್ರೆ ಇಬ್ಬರು ಮಕ್ಕಳು ಮತ್ತು ಆರು ಬ್ಯಾಗ್ ಹಿಡ್ಕೊಂಡು ನೀನು ಹೋದ ಹಾಗೆಯೇ.

ಈಗ ಅಸಲು ವಿಷಯ. ಜೊತೆ. ಇವರ ಭಾಷೆಯಲ್ಲಿ ಬಡ್ಡಿ, ಬ್ಯಾಂಕಿನದ್ದಲ್ಲ.

ನಾನು ಮೊದಲ ಸಲ ಹೋದಾಗ ಹೋಮ್‌ಸ್ಟೇಯಲ್ಲಿ ಒಬ್ಬ ಸಿಕ್ಕಿದ, ಮೂವತ್ತು ಮೀಟರ್ ಹೋಗ್ತೇನೆ ಅಂದ, ಕಾಲಿಗೆ ಹಾಕುವ ಉದ್ದದ ಕಾರ್ಬನ್ ಫಿನ್, ಕೋಲಿಗೆ ಸಿಕ್ಕಿಸಿದ ಕ್ಯಾಮೆರಾ, ನೋಡಿದ್ರೆ ದೊಡ್ಡ ಡೈವರ್. ನಾನು 18 ಮೀಟರ್ ಮುಟ್ಟಿ ಮೇಲೆ ಬಂದು ಬಾಯಿ ಬಿಟ್ಟು ಉಸಿರು ಎಳ್ಕೊಳ್ತಾ ತಿರುಗಿ ನೋಡ್ತೇನೆ, ಅಸಾಮಿ ಬೆನ್ನು ಹಾಕಿ ಕ್ಯಾಮೆರಾದಲ್ಲಿ ತಾನು ತೆಗೆದ ಆಮೆ ವಿಡಿಯೋ ನೋಡ್ತಾ ಇದ್ದಾನೆ. ಅವನು ಬಡ್ಡಿ ಅಲ್ಲ, ಬಡ್ಡಿಮಗ. ನನಗೆ ಏನೂ ಆಗ್ಲಿಲ್ಲ ಅನ್ನುದು ನನ್ನ ಪುಣ್ಯ ಅಷ್ಟೆ. ಯಾಕೆ ಅಂದ್ರೆ ಪ್ರಜ್ಞೆ ತಪ್ಪುದು ಹೆಚ್ಚಾಗಿ ಆಳದಲ್ಲಿ ಅಲ್ಲ ಮಾರಾಯ, ಮೇಲೆ ಬರುವಾಗ ಕೊನೆಯ ಹತ್ತು ಮೀಟರಲ್ಲಿ, ಇಲ್ಲಾಂದ್ರೆ ತಲೆ ನೀರಿಂದ ಹೊರಗೆ ಬಂದ ಮೇಲೆ. ಕೆಳಗೆ ಒತ್ತಡ ಇರುವಾಗ ಇದ್ದ ಸ್ವಲ್ಪ ಆಕ್ಸಿಜನ್ನೇ ರಕ್ತಕ್ಕೆ ಹೇಗೋ ಸಾಕಾಗ್ತದೆ, ಹತ್ತು ಮೀಟರಿಂದ ಮೇಲೆ ಬರುವಷ್ಟರಲ್ಲಿ ಒತ್ತಡ ಅರ್ಧಕ್ಕೆ ಇಳೀತದೆ, ಅದರ ಜೊತೆಗೆ ಆಕ್ಸಿಜನ್ನಿನ ಬಲವೂ ದಬಕ್ಕಂತ ಬೀಳ್ತದೆ. ನಗ್ತಾ ಓಕೆ ಅಂತ ಕೈ ತೋರ್ಸಿದವನೇ ಹತ್ತು ಸೆಕೆಂಡಲ್ಲಿ ಮುಖ ಅಡಿ ಮಾಡ್ಬಹುದು. ಅದಕ್ಕೇ ಮೇಲೆ ಬಂದ ಮೇಲೂ ಮೂವತ್ತು ಸೆಕೆಂಡ್ ಕಣ್ಣು ಕೀಳ್ಬಾರ್ದು ಅನ್ನುದು.

ಎರಡನೇ ಸಲ ಬುದ್ಧಿ ಬಂದಿತ್ತು. ಅಮೆಡಲ್ಲಿ ಫ್ರೀಡೈವಿಂಗ್ ಸ್ಕೂಲುಗಳು ರಸ್ತೆ ಉದ್ದಕ್ಕೂ ಉಂಟು, ಕೋರ್ಸ್ ಆದವರಿಗೆ ದುಡ್ಡು ಕೊಟ್ರೆ ಒಂದು ಸೆಷನ್ನಿಗೆ ನೀರ ಮೇಲೆ ತೇಲುವ ಅವರ ಬೋಯಿ, ಅದರಿಂದ ಇಳಿಬಿಟ್ಟ ಹಗ್ಗದ ಹತ್ತಿರ ಬಿಡ್ತಾರೆ, ನಿನ್ನ ಮಟ್ಟದವರನ್ನೇ ಜೋಡಿ ಮಾಡಿ ಕೊಡ್ತಾರೆ. ನಿನ್ನ ಸರ್ಟಿಫಿಕೇಟಿನ ಫೋಟೋ ಮೊಬೈಲಲ್ಲಿ ಇರ್ಲಿ, ಕೇಳ್ತಾರೆ. ಹಾಗೆ ನನಗೆ ಸಿಕ್ಕಿದ್ದು ಐವತ್ತು ದಾಟಿದ ಒಬ್ಬ ಹೆಂಗಸು. ಆಕೆ ಹೋಗುದು ಹದಿನೈದೇ ಮೀಟರ್, ನನಗೆ ಮನಸ್ಸಲ್ಲಿ ಸ್ವಲ್ಪ ಬೇಜಾರೇ ಆಯ್ತು, ಸುಳ್ಳು ಯಾಕೆ ಹೇಳ್ಲಿ. ನೀರಿಗಿಳಿಯುವ ಮೊದ್ಲು ಆಕೆ ಪೊಲೀಸಿನ ಹಾಗೆ ವಿಚಾರಣೆ ಮಾಡಿದ್ಲು: ಇವತ್ತು ಎಷ್ಟು ಆಳ, ಎಷ್ಟು ಹೊತ್ತು, ರಾತ್ರಿ ನಿದ್ದೆ ಆಯ್ತಾ, ಮೂಗು ಕಟ್ಟಿದ್ಯಾ. ನಾನು ಇಳಿದು ತಿರುಗಿ ಮೇಲೆ ಬರುವಾಗ ಎಂಟು ಹತ್ತು ಮೀಟರಲ್ಲಿ ಎದುರಿಗೆ ಆಕೆಯ ಮುಖ, ಹಗ್ಗದ ಆಚೆ ಬದಿಯಲ್ಲಿ ನನ್ನ ಕಣ್ಣನ್ನೇ ನೋಡ್ತಾ ಜೊತೆಗೇ ಮೇಲೆ ಬಂದ್ಲು. ನೀರ ಮೇಲೆ ಬಂದದ್ದೇ "ಬ್ರೀದ್, ಬ್ರೀದ್" ಅಂತ ಗಟ್ಟಿ ಸ್ವರ. ನಾನು ಮಾತಾಡ್ಲಿಕ್ಕೆ ಹೋದ್ರೆ ಬಾಯಿ ಮುಚ್ಚಿಸಿದ್ಲು, ಬೋಯಿ ಮೇಲೆ ಒಂದು ಬೆರಳಿಂದ ಟಕ್ ಟಕ್ ಅಂತ ಕುಟ್ಟುತ್ತಾ ಮೂವತ್ತು ಎಣಿಸಿ ಮುಗಿಸಿದ ಮೇಲೆಯೇ ನಕ್ಕದ್ದು.

ನನಗೆ ಆಗ ನೆನಪಾದದ್ದು ಯಾರು ಹೇಳು? ನಿನ್ನ ಅಜ್ಜಿ. ನಿಮ್ಮ ಮನೆ ಹಿಂದಿನ ಮದಗದಲ್ಲಿ ನಾವು ಬಾಜಿ ಕಟ್ಟಿ ಮುಳುಗುವಾಗ ಬಟ್ಟೆ ಒಗೀತಾ ತಲೆ ಎಣಿಸ್ತಾ ಇದ್ರಲ್ಲ, ಒಂದು ತಲೆ ಕಮ್ಮಿ ಆದ್ರೆ ಅಡಿಕೆ ಸೋಗೆ ಹಿಡ್ಕೊಂಡು ಬೊಬ್ಬೆ. ನಾವು ಮುಳುಗುವ ಮೊದ್ಲು ನಾಯಿಯ ಹಾಗೆ ಹಹ್ ಹಹ್ ಅಂತ ಜೋರು ಉಸಿರು ಬಿಡ್ತಿದ್ವಿ, ಅದನ್ನು ಈಗ ಎಲ್ಲಿಯಾದ್ರೂ ಮಾಡಿದಿ ಅಂದ್ರೆ ನಾನೇ ಬಂದು ಹೊಡೀತೇನೆ. ಅದರಿಂದ ಆಕ್ಸಿಜನ್ ಹೆಚ್ಚಾಗುದಿಲ್ಲ, ಕಾರ್ಬನ್ ಡೈ ಆಕ್ಸೈಡ್ ಕಮ್ಮಿ ಆಗಿ ಉಸಿರು ಬೇಕು ಅನ್ನುವ ಅಲಾರಂ ತಡ ಆಗ್ತದೆ ಅಷ್ಟೆ, ಅಲಾರಂ ಹೊಡೆಯುವ ಮೊದ್ಲೇ ಮನುಷ್ಯ ಆಫ್. ನಿಮ್ಮ ಅಪಾರ್ಟ್‌ಮೆಂಟ್ ಪೂಲಲ್ಲಿ ಒಬ್ಬನೇ ಪ್ರಾಕ್ಟೀಸ್ ಮಾಡ್ತೇನೆ ಅಂದಿದ್ದಿ, ಅದೂ ಬೇಡ. ಸೋಫಾ ಮೇಲೆ ಮಲಗಿ ಉಸಿರು ಹಿಡಿ, ತೊಂದ್ರೆ ಇಲ್ಲ.

ಹೊಸ ಜೊತೆ ಸಿಕ್ಕಿದ್ರೆ ಮೊದಲ ಡೈವ್ ಎಂಟು ಮೀಟರ್ ಮಾತ್ರ ಮಾಡು, ಮೇಲೆ ಬಂದು ಅವನ ಕಣ್ಣು ಎಲ್ಲಿದೆ ನೋಡು. ನಿನ್ನ ಮೇಲೆ ಇಲ್ವಾ, ಟೀ ಕುಡಿದು ಟಾಟಾ ಮಾಡು. ಮತ್ತೆ ಒಬ್ಬನಿಗೆ ಪ್ರಜ್ಞೆ ತಪ್ಪಿದ್ರೆ ಏನ್ ಮಾಡುದು ಅಂತ ದಡದ ಹತ್ತಿರ ಇಬ್ಬರೂ ಒಂದ್ಸಲ ಆಡಿ ನೋಡಿ, ಮುಖ ನೀರಿಂದ ಮೇಲೆತ್ತಿ ಮಾಸ್ಕ್ ತೆಗ್ದು ಕಣ್ಣಿನ ಹತ್ತಿರ ಊದುದು, ಕೆನ್ನೆ ತಟ್ಟುದು, ಹೆಸರು ಹಿಡಿದು ಕರೆದು ಉಸಿರಾಡು ಅನ್ನುದು. ಇದನ್ನು ಮಾಡ್ಲಿಕ್ಕೆ ನಾಚಿಕೆ ಪಡುವವನ ಜೊತೆ ಹೋಗ್ಬೇಡ.

ಕಿವಿ ವಿಷಯ ಚುಟುಕಾಗಿ ಹೇಳ್ತೇನೆ, ಯಾಕಂದ್ರೆ ನನ್ನದೇ ಪೆದ್ದುತನ. ರಾತ್ರಿಯಿಡೀ ಎಸಿ ಹಾಕಿ ಮಲಗಿ ಮೂಗು ಕಟ್ಟಿತ್ತು, ದುಡ್ಡು ಕೊಟ್ಟಾಗಿದೆ ಅಂತ ಮೂಗು ಹಿಡಿದು ಕಿವಿಗೆ ಗಾಳಿ ಒತ್ತಿ ಒತ್ತಿ ಇಳಿದೆ, ಆರು ಮೀಟರಲ್ಲಿ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಯ್ತು. ಆಮೇಲೆ ಎರಡು ದಿನ ದಡದಲ್ಲಿ ಕೂತು ಸುಟ್ಟ ಮೀನು, ಸಂಬಲ್ ಮತಾಹ್ ತಿಂದದ್ದೇ ಸಾಧನೆ. ಹಸಿ ಈರುಳ್ಳಿ, ಮೆಣಸು, ನಿಂಬೆಹುಲ್ಲು, ಮೇಲಿಂದ ತೆಂಗಿನೆಣ್ಣೆ, ನಮ್ಮ ಬಾಯಿಗೆ ಪಕ್ಕಾ ಹಿಡಿಸ್ತದೆ, ನಿನ್ನ ಮಗಳಿಗೆ ಖಾರ ಆಗ್ಬಹುದು.

ತಾರೀಕು ಫೈನಲ್ ಆದ್ರೆ ಹೇಳು, ಆ ಹೆಂಗಸು ಮೇಯಲ್ಲಿ ಅಲ್ಲೇ ಇರ್ತಾಳಾ ಅಂತ ಮೆಸೇಜ್ ಹಾಕಿ ಕೇಳ್ತೇನೆ. ಮುಳುಗ್ಲಿಕ್ಕೆ ಸೊಂಟದ ಬೆಲ್ಟಿಗೆ ಹಾಕುವ ಸೀಸದ ತೂಕ ಅಲ್ಲೇ ಬಾಡಿಗೆಗೆ ಸಿಗ್ತದೆ, ಹತ್ತು ಮೀಟರಲ್ಲಿ ಮುಳುಗದೆ ತೇಲದೆ ನಿಲ್ಲುವಷ್ಟೇ ಹಾಕ್ಕೊ, ಜಾಸ್ತಿ ಬೇಡ. ನನ್ನ ರಬ್ಬರ್ ಬೆಲ್ಟ್ ತಕೊಂಡು ಹೋಗು, ಬರುವ ಆದಿತ್ಯವಾರ ಅಣ್ಣನ ಕೈಯಲ್ಲಿ ಬೆಂಗಳೂರಿಗೆ ಕಳಿಸ್ತೇನೆ. ಬಕಲ್ ಸ್ವಲ್ಪ ತುಕ್ಕು ಹಿಡಿದು ಬಿಗಿ ಆಗಿದೆ, ಒಂದು ಹನಿ ತೆಂಗಿನೆಣ್ಣೆ ಬಿಟ್ಟು ನಾಲ್ಕು ಸಲ ಬಿಚ್ಚಿ ಹಾಕಿ ನೋಡು, ಒಂದೇ ಕೈಯಲ್ಲಿ ಬಿಚ್ಚಲಿಕ್ಕೆ ಬರ್ಬೇಕು.