ವಾಯು ಕ್ರೀಡಾಕೂಟಕ್ಕೆ ಏರೋ ಇಂಡಿಯಾದ ಅನುಭವ ಸಾಲದು

ಮಾನ್ಯ ಸಂಪಾದಕರೇ,

ಯಲಹಂಕದಲ್ಲಿ ಏರೋ ಇಂಡಿಯಾ ನಡೆದಾಗಲೆಲ್ಲ, 1996ರಿಂದ ಇಷ್ಟು ದೊಡ್ಡ ಪ್ರದರ್ಶನವನ್ನು ನಿಭಾಯಿಸಿಕೊಂಡು ಬಂದಿರುವ ಬೆಂಗಳೂರು ವಿಶ್ವ ವಾಯು ಕ್ರೀಡಾಕೂಟಕ್ಕೂ ಆತಿಥ್ಯ ವಹಿಸಬಹುದಲ್ಲವೇ ಎಂಬ ಮಾತು ನಮ್ಮ ಕಡೆ ಕೇಳಿಬರುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ನೀತಿಯನ್ನು ಪ್ರಕಟಿಸಿ, 2030ರೊಳಗೆ ಭಾರತವನ್ನು ಈ ಕ್ರೀಡೆಗಳ ಮುಂಚೂಣಿ ದೇಶಗಳ ಸಾಲಿಗೆ ತರುವ ಗುರಿ ಇಟ್ಟ ಮೇಲೆ ಈ ಆಸೆಗೆ ಇನ್ನಷ್ಟು ಬಲ ಬಂದಿದೆ. ಆಸೆ ಒಳ್ಳೆಯದೇ. ಅದಕ್ಕೆ ಏರೋ ಇಂಡಿಯಾವನ್ನು ಆಧಾರವಾಗಿ ತೋರಿಸುವುದಕ್ಕೆ ಮಾತ್ರ ನನ್ನ ಆಕ್ಷೇಪವಿದೆ.

ಏರೋ ಇಂಡಿಯಾ ಮುಖ್ಯವಾಗಿ ರಕ್ಷಣಾ ವ್ಯಾಪಾರದ ಮೇಳ. ಅಲ್ಲಿ ಹಾರುವವರು ಹೆಚ್ಚಾಗಿ ವಾಯುಪಡೆಯವರು ಅಥವಾ ವಿಮಾನ ತಯಾರಿಕಾ ಕಂಪನಿಗಳ ಪೈಲಟ್‌ಗಳು. ನಾವೆಲ್ಲ ಕತ್ತೆತ್ತಿ ನೋಡುವವರು. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಕೇಂದ್ರ ಕಚೇರಿಯಿರುವ ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟದ ಈ ವಿಶ್ವ ಕೂಟದಲ್ಲಿ ಸ್ಪರ್ಧಿಸುವವರು ತಮ್ಮ ತಮ್ಮ ದೇಶದ ಕ್ಲಬ್‌ಗಳಲ್ಲಿ ಕಲಿತು ಬಂದ ಸ್ಕೈಡೈವರ್‌ಗಳು, ಗ್ಲೈಡರ್ (ಎಂಜಿನ್ ಬಲವಿಲ್ಲದೆ ತೇಲುವ ವಿಮಾನ), ಪ್ಯಾರಾಗ್ಲೈಡರ್ ಮತ್ತು ಬಲೂನ್ ಪೈಲಟ್‌ಗಳು, ಪುಟ್ಟ ಮಾದರಿ ವಿಮಾನ ಹಾರಿಸುವ ಏರೋಮಾಡೆಲಿಂಗ್ ಹವ್ಯಾಸಿಗಳು. ಈ ಕೂಟ ಇದುವರೆಗೆ ನಡೆದಿರುವುದು ನಾಲ್ಕೇ ಬಾರಿ: 1997ರಲ್ಲಿ ಟರ್ಕಿ, 2001ರಲ್ಲಿ ಸ್ಪೇನಿನ ಆಂಡಲೂಸಿಯಾ, 2009ರಲ್ಲಿ ಇಟಲಿಯ ಟ್ಯೂರಿನ್, 2015ರಲ್ಲಿ ದುಬೈ. 2020ಕ್ಕೆಂದು ಮತ್ತೆ ಟರ್ಕಿಗೆ ಒಪ್ಪಿಸಿದ್ದ ಕೂಟ ಕೊನೆಗೂ ನಡೆಯಲಿಲ್ಲ. ಅನುಭವಸ್ಥರ ಕೈಯಲ್ಲೂ ಕೈಗೂಡದಷ್ಟು ಭಾರದ ಕೆಲಸ ಇದು ಎಂಬುದನ್ನು ನಾವು ಮೊದಲೇ ಅರಿತಿರಬೇಕು.

ಮೊದಲ ಕೂಟದ ಆತಿಥ್ಯ ಟರ್ಕಿಗೆ ಆಕಸ್ಮಿಕವಾಗಿ ದಕ್ಕಿದ್ದಲ್ಲ. ಅಲ್ಲಿನ ವಾಯುಯಾನ ಸಂಘ ಹುಟ್ಟಿದ್ದು 1925ರಲ್ಲಿ. ಹತ್ತು ವರ್ಷಗಳ ನಂತರ ಅದು ತೆರೆದ ‘ತುರ್ಕ್‌ಕುಶು’ ಶಾಲೆಯಲ್ಲಿ ನಾಗರಿಕ ಯುವಕ ಯುವತಿಯರು ಗ್ಲೈಡರ್ ಹಾರಿಸುವುದನ್ನು, ಪ್ಯಾರಾಚೂಟ್ ಜಿಗಿತವನ್ನು ಕಲಿತರು. ಮುಂದೆ ಯುದ್ಧವಿಮಾನದ ಪೈಲಟ್ ಆಗಿ ಹೆಸರಾದ ಸಬಿಹಾ ಗೋಕ್ಚೆನ್ ಹಾರಾಟದ ಮೊದಲ ಪಾಠ ಕಲಿತದ್ದು ಅಲ್ಲಿಯೇ. ಹಣದ ಬಲವೇ ಮುಖ್ಯವೆಂದು ಭಾವಿಸಲಾಗುವ ದುಬೈನಲ್ಲೂ 2015ಕ್ಕೆ ಮೊದಲೇ ಸ್ಕೈಡೈವಿಂಗ್‌ಗೆ ಸ್ಥಿರವಾದ ನೆಲೆ ಇತ್ತು, ಅಂತರರಾಷ್ಟ್ರೀಯ ಸ್ಪರ್ಧೆಗಳೂ ನಡೆದಿದ್ದವು.

ಇನ್ನು ಆಕಾಶದ ಪ್ರಶ್ನೆ. ಏರೋ ಇಂಡಿಯಾದ ವೇಳೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ದಿನಕ್ಕೆ ಕೆಲವು ಗಂಟೆ ಸಂಚಾರ ನಿಲ್ಲಿಸುವುದೇ ಪ್ರಯಾಣಿಕರಿಗೆ ಸಾಕಷ್ಟು ತಾಪತ್ರಯ ತಂದೊಡ್ಡುತ್ತದೆ. ಬಹುಕ್ರೀಡಾ ಕೂಟಕ್ಕಾದರೆ ಬೆಳಗಿನಿಂದ ಸಂಜೆಯವರೆಗೂ ಆಕಾಶ ಬೇಕು. ಬಿಸಿಗಾಳಿ ಬಲೂನುಗಳಿಗೆ ಗಾಳಿ ಶಾಂತವಾಗಿರುವ ಮುಂಜಾವು ಬೇಕಾದರೆ, ಗ್ಲೈಡರ್‌ಗಳು ಕಾಯುವುದು ನೆಲ ಕಾದು ಬಿಸಿಗಾಳಿ ಮೇಲೇರುವ ನಡುಹಗಲಿಗೆ. ಸ್ಕೈಡೈವರ್‌ಗಳನ್ನು ಹೊತ್ತ ವಿಮಾನ ಸುಮಾರು ನಾಲ್ಕು ಕಿಲೋಮೀಟರ್ ಎತ್ತರಕ್ಕೆ ಮತ್ತೆ ಮತ್ತೆ ಏರಿಳಿಯುತ್ತಿರಬೇಕು. ಇಷ್ಟನ್ನೂ ಕೆಂಪೇಗೌಡ ನಿಲ್ದಾಣ ಮತ್ತು ಯಲಹಂಕ ವಾಯುನೆಲೆಗಳ ನಡುವೆ ಹಲವು ದಿನ ಹೊಂದಿಸುತ್ತೇವೆ ಎನ್ನುವುದು, ಯಲಹಂಕದವನಾದ ನನಗೂ, ನಂಬಲಾಗದ ಮಾತು. ಆಂಡಲೂಸಿಯಾದವರು ಸ್ಪರ್ಧೆಗಳನ್ನು ಹಲವು ಊರುಗಳಿಗೆ ಹಂಚಿದ್ದರು. ನಮ್ಮಲ್ಲಿಯೂ ವಿಮಾನ ಸಂಚಾರ ವಿರಳವಾಗಿರುವ ಕಲಬುರಗಿಯಂಥ ಬಯಲುಸೀಮೆಯ ಊರುಗಳನ್ನು ಪರಿಗಣಿಸಬೇಕು. ಗ್ಲೈಡರ್, ಬಲೂನುಗಳಿಗೆ ಆ ಬಯಲೇ ಹೆಚ್ಚು ಒಪ್ಪುತ್ತದೆ.

ಅಪಾಯಕ್ಕೆ ಸಿಲುಕಿದವರನ್ನು ಪಾರುಮಾಡುವ ಸಿದ್ಧತೆಯ ಬಗ್ಗೆ ಯಾರೂ ಹೆಚ್ಚು ಮಾತನಾಡುತ್ತಿಲ್ಲ. ಹಿಮಾಚಲದ ಬೀರ್-ಬಿಲ್ಲಿಂಗ್‌ನಲ್ಲಿ 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದದ್ದು ಹೆಮ್ಮೆಯ ವಿಷಯ. ಆದರೆ ಆಮೇಲಿನ ವರ್ಷಗಳಲ್ಲಿ ಅಲ್ಲಿಂದ ಹಾರಿದ ವಿದೇಶಿ ಪೈಲಟ್‌ಗಳು ಧೌಲಾಧಾರ್ ಬೆಟ್ಟಸಾಲಿನಲ್ಲಿ ಕಾಣೆಯಾಗಿ ಪ್ರಾಣ ಕಳೆದುಕೊಂಡ ಘಟನೆಗಳೂ ವರದಿಯಾಗಿವೆ. ಯಲಹಂಕದಲ್ಲೇ 2019ರಲ್ಲಿ ವಾಯುಪಡೆಯ ಸೂರ್ಯಕಿರಣ್ ಪ್ರದರ್ಶನ ತಂಡದ ಎರಡು ವಿಮಾನಗಳು ಏರೋ ಇಂಡಿಯಾದ ತಾಲೀಮಿನಲ್ಲಿ ಡಿಕ್ಕಿಯಾಗಿ ಒಬ್ಬ ಪೈಲಟ್ ಮೃತಪಟ್ಟರು. ಅದೇ ವಾರ ಪ್ರದರ್ಶನದ ವಾಹನ ನಿಲುಗಡೆ ತಾಣದಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದವು. ಒಣಹುಲ್ಲಿನ ಮೈದಾನದಲ್ಲಿ ಕಾರು ನಿಲ್ಲಿಸುವುದಕ್ಕೇ ಮುಂಜಾಗ್ರತೆ ಸಾಲದಿದ್ದವರು, ಗಾಳಿ ಹೊತ್ತೊಯ್ದ ಪ್ಯಾರಾಗ್ಲೈಡರನ್ನು ಹುಡುಕಿ ತರುವ ವ್ಯವಸ್ಥೆಯನ್ನು ಮೊದಲು ಮಾಡಿ ತೋರಿಸಬೇಕು.

ಹಾಗಾದರೆ ಸರ್ಕಾರ ಎಲ್ಲಿಂದ ಆರಂಭಿಸಬೇಕು? ಜಕ್ಕೂರಿನಿಂದ ಎನ್ನುವುದು ನನ್ನ ಅಭಿಪ್ರಾಯ. ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿರುವ ಆ ಮೈದಾನವನ್ನು ಸುತ್ತಲಿನ ಬಹುಮಹಡಿ ಕಟ್ಟಡಗಳು ಒತ್ತರಿಸುತ್ತಿವೆ. ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳು ಮೈಕ್ರೋಲೈಟ್ ಎಂಬ ಹಗುರ ವಿಮಾನದ ಹಾರಾಟದ ರುಚಿ ಕಾಣುವುದು ಅಲ್ಲಿಯೇ. ಎನ್‌ಸಿಸಿ ಬಿಟ್ಟ ಮೇಲೆ ಅವರಲ್ಲಿ ಹೆಚ್ಚಿನವರಿಗೆ ಕೈಗೆಟಕುವ ಕ್ಲಬ್ ಸಿಗುವುದಿಲ್ಲ. ಆದ್ದರಿಂದ ರಾಜ್ಯ ಸರ್ಕಾರವು ಜಕ್ಕೂರಿನ ರನ್‌ವೇ ಸುತ್ತ ಕಟ್ಟಡಗಳ ಎತ್ತರದ ಮಿತಿಯನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲಿ. ಕಾಲೇಜುಗಳ ಏರೋಮಾಡೆಲಿಂಗ್ ಮತ್ತು ಡ್ರೋನ್ ತಂಡಗಳಿಗೆ ನಗರದ ಹೊರಗೆ ಅನುಮತಿ ಪಡೆದ ಮೈದಾನವೊಂದನ್ನು ಒದಗಿಸಲಿ. ಒಂದೇ ವಿಭಾಗದ ರಾಷ್ಟ್ರೀಯ ಸ್ಪರ್ಧೆಯೊಂದನ್ನು ಕಲಬುರಗಿಯಲ್ಲಿ ನಡೆಸಿ, ಅದರ ಖರ್ಚು ಮತ್ತು ಸುರಕ್ಷತೆಯ ವರದಿಯನ್ನು ಸಾರ್ವಜನಿಕರ ಮುಂದಿಡಲಿ. ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಅರ್ಜಿ ಹಾಕುವ ಮಾತು ಆ ವರದಿ ಬಂದ ಮೇಲೆ ಬರಲಿ.

ಇತಿ,
ಒಬ್ಬ ಓದುಗ, ಯಲಹಂಕ